ಬಡಾವಣೆ ಪಾರ್ಕಿನಲ್ಲಿ ಋತುವಿಗೊಂದು ಪ್ರಕೃತಿ ನಡಿಗೆ: ಯಾವ ತಿಂಗಳು, ಎಷ್ಟು ಜನ, ಏನು ತೋರಿಸೋದು?

ಹೊಂಗೆನೆರಳು:

ಬೆಂಗಳೂರು ದಕ್ಷಿಣದ ಒಂದು ಬಡಾವಣೆ ಪಾರ್ಕು. ಸುಮಾರು ನಾಲ್ಕು ಎಕರೆ, ಸುತ್ತ 450 ಮೀಟರಿನಷ್ಟು ಟೈಲ್ಸ್ ಹಾಕಿದ ವಾಕಿಂಗ್ ದಾರಿ. ಸಾಲಾಗಿ ಹೊಂಗೆ, ಅಲ್ಲಲ್ಲಿ ಗುಲ್‌ಮೊಹರ್ ಮತ್ತು ಕಾಪರ್‌ಪಾಡ್, ಎರಡು ದೊಡ್ಡ ಮಳೆಮರ, ಒಂದು ಅತ್ತಿ, ಒಂದು ಬೂರುಗ, ನಾಲ್ಕೈದು ಆಕಾಶಮಲ್ಲಿಗೆ, ಕಾಂಪೌಂಡಿನ ಉದ್ದಕ್ಕೂ ಕಂಬದಂತೆ ಬೆಳೆಯೋ ಉದ್ದ ಅಶೋಕ. ಒಂದು ಮೂಲೆಯಲ್ಲಿ ಯಾರೂ ಕತ್ತರಿಸದೆ ಬಿಟ್ಟ ಪೊದೆ, ಅದರಲ್ಲಿ ಎಕ್ಕ, ಲಂಟಾನ. ನೀರಿನ ಕೊಳ ಇದೆ, ನೀರಿಲ್ಲ.

ನಿವಾಸಿಗಳ ಸಂಘ ವರ್ಷಕ್ಕೆ ನಾಲ್ಕು ನಡಿಗೆ ಇಡೋಣ ಅಂತಿದೆ. ನಡೆಸಿಕೊಡೋಕೆ ಗಿಡಮರ ಚೆನ್ನಾಗಿ ಗೊತ್ತಿರೋ ಒಬ್ಬರು, ಹಕ್ಕಿ ಗೊತ್ತಿರೋ ಒಬ್ಬರು ಇದ್ದಾರೆ. ಜನರ ಮುಂದೆ ಮಾತಾಡಿ ಇಬ್ಬರಿಗೂ ಅಭ್ಯಾಸ ಇಲ್ಲ. ತಿಳಿಯಬೇಕಾದ್ದು: ಯಾವ ಯಾವ ತಿಂಗಳು ಇಡಬೇಕು? ಎಷ್ಟು ಹೊತ್ತಿಗೆ ಶುರು ಮಾಡಬೇಕು? ಒಬ್ಬ ಮಾರ್ಗದರ್ಶಿಗೆ ಎಷ್ಟು ಜನ? ಇಷ್ಟು ಚಿಕ್ಕ ಪಾರ್ಕಿನಲ್ಲಿ ಎರಡು ಗಂಟೆ ತುಂಬಿಸೋಕೆ ಆಗುತ್ತಾ? ಆ ದಿನ ಹಕ್ಕಿಗಳೇ ಕಾಣದಿದ್ದರೆ ಏನು ಮಾಡೋದು? ಅನುಮತಿ, ಸುರಕ್ಷತೆ ವಿಷಯದಲ್ಲಿ ಏನೇನು ನೋಡಿಕೊಳ್ಳಬೇಕು?

---

ಮರಗಣ್ಣು:

ನಾಲ್ಕು ಎಕರೆ ಧಾರಾಳವಾಗಿ ಸಾಕು. ಎರಡು ಗಂಟೆಯಲ್ಲಿ ಆ 450 ಮೀಟರ್ ಒಂದು ಸುತ್ತು ಮುಗಿದರೆ ನಡಿಗೆ ಬೇಗ ಹೋಯಿತು ಅಂತಲೇ ಲೆಕ್ಕ. ಎಂಟು ಕಡೆ ನಿಲ್ಲಿ, ಒಂದೊಂದು ಕಡೆ ಎಂಟು ಹತ್ತು ನಿಮಿಷ. ಇಪ್ಪತ್ತೈದು ಮರದ ಹೆಸರು ಹೇಳಿ ಮುಗಿಸೋ ನಡಿಗೆಯಲ್ಲಿ ಗೇಟು ದಾಟೋ ಹೊತ್ತಿಗೆ ಒಂದು ಹೆಸರೂ ಯಾರ ತಲೆಯಲ್ಲೂ ಉಳಿದಿರಲ್ಲ.

ಹಕ್ಕಿ ನಂಬಿಕೊಂಡು ನಡಿಗೆ ಇಡಬೇಡಿ. ಹಕ್ಕಿ ಹಾರಿಹೋಗುತ್ತೆ, ಮರ ಅಲ್ಲೇ ಇರುತ್ತೆ. ಆರು ಮರ ಆರಿಸಿಕೊಳ್ಳಿ, ನಾಲ್ಕೂ ನಡಿಗೆಯಲ್ಲಿ ಅದೇ ಆರು ಮರಗಳ ಹತ್ತಿರ ಹೋಗಿ. ಫೆಬ್ರವರಿಯಲ್ಲಿ ಬಂದವರು ಮತ್ತೆ ಜುಲೈನಲ್ಲಿ ಅದೇ ಹೊಂಗೆ ಕೆಳಗೆ ನಿಂತಾಗ ಋತು ಅಂದರೇನು ಅಂತ ನೀವು ವಿವರಿಸೋ ಕೆಲಸವೇ ಇರಲ್ಲ.

ನಿಮ್ಮ ಪಾರ್ಕಿನ ಮರಗಳಿಗೆ ಹೊಂದೋ ತಿಂಗಳು ಹೀಗಿದೆ.

ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಬೂರುಗದ ಕಾಲ. ಎಲೆ ಪೂರ್ತಿ ಉದುರಿ ಬರೀ ಕೆಂಪು ಹೂವು. ಬಿದ್ದ ಹೂವೊಂದನ್ನು ಕೈಗೆತ್ತಿಕೊಂಡು ದಪ್ಪ ಬಟ್ಟಲು, ಕೇಸರಗಳ ಕಟ್ಟು, ತಳದಲ್ಲಿ ಮಕರಂದ ತೋರಿಸಿ. ಆಮೇಲೆ ಮೇಲೆ ನೋಡಿಸಿ: ಕಾಗೆ, ಮೈನಾ, ಸೂರಕ್ಕಿ, ಅಳಿಲು ಎಲ್ಲ ಒಂದೇ ಊಟದ ಮನೆಯಲ್ಲಿ. ಇದೇ ಕಾಲದಲ್ಲಿ ಹೊಂಗೆ ಎಲೆ ಹಳದಿಯಾಗಿ ಉದುರೋಕೆ ಶುರು. ಬೀದಿ ಬದಿಯ ಗುಲಾಬಿ ಟಬೆಬುಯಾಗಳೂ ಈ ಸುಮಾರಿಗೇ ಅರಳುತ್ತವೆ, ಆದರೆ ಅವುಗಳಲ್ಲಿ ಒಂದಕ್ಕಿಂತ ಹೆಚ್ಚು ಜಾತಿ ಇದ್ದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಿಂದೆ ಮುಂದೆ ಆಗುತ್ತವೆ. ದಿನಾಂಕಕ್ಕೆ ಅವನ್ನು ಕಟ್ಟಿಹಾಕಬೇಡಿ.

ಏಪ್ರಿಲ್ ಎರಡನೇ ಅಥವಾ ಮೂರನೇ ವಾರ. ಯುಗಾದಿ ಆಸುಪಾಸಿನಲ್ಲಿ ಬಂದ ಹೊಂಗೆಯ ಎಳೆ ಹಸಿರು ಬಲಿತಿರುತ್ತೆ, ತಿಳಿ ನೇರಳೆ ಹೂವು ನೆಲಕ್ಕೆ ಹಾಸಿರುತ್ತೆ. ಗುಲ್‌ಮೊಹರ್ ಶುರುವಾಗಿರುತ್ತೆ. ಅದರ ಐದು ದಳದಲ್ಲಿ ಒಂದು ಮಾತ್ರ ಬಿಳಿ ಹಳದಿ ಪಟ್ಟೆಯದು. ಅದನ್ನು ನೀವು ಹೇಳಬೇಡಿ, ಐದೂ ದಳ ಬಿಡಿಸಿ ಅಂಗೈ ಮೇಲೆ ಇಟ್ಟು ಅವರೇ ಕಂಡುಹಿಡಿಯಲಿ. ಮಳೆಮರದ ಗುಲಾಬಿ ಬ್ರಷ್ಷಿನಂಥ ಹೂವೂ ಇದೇ ಹೊತ್ತಿಗೆ ಸಿಗುತ್ತೆ. ಒಂದು ಬ್ರಷ್ಷಿನಲ್ಲಿ ಹತ್ತಾರು ಹೂವು ಇರುತ್ತೆ, ನಡುವಿನದು ಉಳಿದವಕ್ಕಿಂತ ದೊಡ್ಡದು. ಹತ್ತು ಪಟ್ಟು ದೊಡ್ಡದು ಮಾಡೋ ಕೈಮಸೂರ ಇದ್ದರೆ ಇದು ಚೆನ್ನಾಗಿ ಕಾಣುತ್ತೆ.

ಇಲ್ಲಿ ಒಂದು ಮುಖ್ಯ ವಿಷಯ. ಹಿಂದಿನ ಸಂಜೆಯೇ ಮಾಲಿಯನ್ನು ಕಂಡು, ನಾಳೆ ಒಂಬತ್ತರವರೆಗೆ ಹೂವು ತೋರಿಸೋ ಆ ಮರಗಳ ಕೆಳಗೆ ಮಾತ್ರ ಗುಡಿಸಬೇಡಿ ಅಂತ ಕೇಳಿಕೊಳ್ಳಿ. ಇಲ್ಲದಿದ್ದರೆ ನೀವು ಆರೂವರೆಗೆ ಬರೋ ಹೊತ್ತಿಗೆ ಹೂವೂ ಇಲ್ಲ, ಎಲೆಯೂ ಇಲ್ಲ, ಬರೀ ಪೊರಕೆ ಗೀರು. ಏಪ್ರಿಲ್ ನಡಿಗೆ ಕೆಡೋದು ಬಹುಪಾಲು ಇದರಿಂದಲೇ.

ಜುಲೈ ಕೊನೆ ಅಥವಾ ಆಗಸ್ಟ್ ಎಲೆಯ ನಡಿಗೆ. ಹೂವಿನ ಆಸೆ ಬಿಡಿ. ಹೊಂಗೆ ಎಲೆಯನ್ನು ಆಕಾಶಕ್ಕೆ ಹಿಡಿದರೆ ಬಿಳಿ ಬಿಳಿ ಮಚ್ಚೆ ಕಾಣುತ್ತೆ, ಎಲೆಯ ಎರಡು ಪದರದ ನಡುವೆ ಪುಟ್ಟ ಮರಿಹುಳು ಮೇಯ್ದುಕೊಂಡು ಹೋದ ಜಾಗ ಅದು. ಕೆಲವು ಎಲೆ ಮೇಲೆ ಬೆರಳಿನಂತೆ ಎದ್ದ ಗಂಟುಗಳಿರುತ್ತವೆ, ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ಮರಕ್ಕೆ ಕಾಯಿಲೆ, ಕಡಿಸಿಬಿಡಿ ಅಂತ ಪಾರ್ಕಿನಲ್ಲಿ ಯಾರಾದರೂ ಹೇಳೇ ಹೇಳ್ತಾರೆ. ಬೆಳೆದ ಹೊಂಗೆಗೆ ಇದರಿಂದ ಏನೂ ಆಗಲ್ಲ, ಮುಂದಿನ ಚಿಗುರಿಗೆ ಎಲೆಯೆಲ್ಲ ಹೊಸದು.

ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಆಕಾಶಮಲ್ಲಿಗೆಗೆ. ಅದು ಅರಳೋದು ರಾತ್ರಿ, ಉದ್ದ ಕೊಳವೆ, ಬಿಳಿ ಬಣ್ಣ, ಗಮ್ ಅನ್ನೋ ವಾಸನೆ, ಎಲ್ಲವೂ ನಿಶಾಚರಿ ಪತಂಗಕ್ಕಾಗಿ. ಬೆಳಿಗ್ಗೆ ಬಿದ್ದ ಹೂವಿನ ಕೊಳವೆ ಅಳೆಯಿಸಿ, ಇಷ್ಟು ಉದ್ದದ ನಾಲಿಗೆ ಯಾರಿಗಿದ್ದೀತು ಅಂತ ಕೇಳಿ. ಎಂಟು ಗಂಟೆ ಬಿಸಿಲಿಗೆ ಹೂವು ಬಾಡುತ್ತೆ, ಆದ್ದರಿಂದ ಇದನ್ನು ಮೊದಲ ನಿಲ್ದಾಣ ಮಾಡಿಕೊಳ್ಳಿ.

ಅತ್ತಿ ಮಾತ್ರ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಕಾಯಿ ಬಿಡುತ್ತೆ, ನಾಲ್ಕು ನಡಿಗೆಯಲ್ಲಿ ಒಮ್ಮೆಯಾದರೂ ಸಿಕ್ಕೇ ಸಿಗುತ್ತೆ. ಅಂದು ಬ್ಲೇಡು, ಬಿಳಿ ಕಾಗದ ತನ್ನಿ. ಬಿದ್ದ ಕಾಯಿಗಳಲ್ಲಿ ಪೂರ್ತಿ ಕೊಳೆಯದ್ದನ್ನು ಉದ್ದಕ್ಕೆ ಸೀಳಿ. ಒಳಗಿರೋದೆಲ್ಲ ಹೂವು ಅನ್ನೋದೇ ಅರ್ಧ ಜನಕ್ಕೆ ಆಶ್ಚರ್ಯ. ತುದಿಯ ಕಿರು ಬಾಯಿಂದ ಹೆಣ್ಣು ಕಣಜ ಒಳನುಗ್ಗುವಾಗ ರೆಕ್ಕೆ ಕಳಚಿಹೋಗುತ್ತೆ, ಮೊಟ್ಟೆ ಇಡುತ್ತಾ ಪರಾಗವನ್ನೂ ಮುಟ್ಟಿಸುತ್ತೆ, ಅಲ್ಲೇ ಸಾಯುತ್ತೆ. ಮುಂದಿನ ಪೀಳಿಗೆಯ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಒಳಗೇ ಕೂಡಿ, ಸುರಂಗ ಕೊರೆದು, ಹೆಣ್ಣುಗಳನ್ನು ಹೊರಗೆ ಕಳಿಸುತ್ತವೆ. ಅದೃಷ್ಟ ಇದ್ದರೆ ಸೀಳಿದ ಕಾಯಿಂದ ಎಳ್ಳಿಗಿಂತ ಚಿಕ್ಕ ಕಣಜಗಳು ಕಾಗದದ ಮೇಲೆ ಹರಿದಾಡುತ್ತವೆ. ಇದೊಂದಕ್ಕೇ ಹದಿನೈದು ನಿಮಿಷ ಕೊಟ್ಟರೂ ನಷ್ಟವಿಲ್ಲ.

---

ಕಂಚುಗಾರ:

ಮೇಲಿನವರ ಮಾತು ಮುಕ್ಕಾಲು ಸರಿ. ಆದರೆ ಚಿಕ್ಕ ಪಾರ್ಕಿನಲ್ಲಿ ಹಕ್ಕಿ ನಡಿಗೆ ಆಗಲ್ಲ ಅನ್ನೋ ಅರ್ಥ ಬರೋ ಹಾಗಿದೆ, ಅದನ್ನು ಒಪ್ಪಲ್ಲ. ಆಗದಿರೋದು ಹಕ್ಕಿ ಹಿಂದೆ ನಡೆದಾಡೋದು. ಹದಿನೈದು ಜನ ಮಾತಾಡ್ತಾ ನಡೆದರೆ ಕಾಗೆ ಬಿಟ್ಟು ಏನೂ ಕಾಣಲ್ಲ. ನಿಮ್ಮಲ್ಲಿ ಅತ್ತಿ ಇದೆ, ಬೂರುಗ ಇದೆ. ಬಿಸಿಲು ಬೆನ್ನಿಗೆ ಬರೋ ಹಾಗೆ, ಮರದಿಂದ ಇಪ್ಪತ್ತು ಇಪ್ಪತ್ತೈದು ಹೆಜ್ಜೆ ದೂರ, ಎಲ್ಲರನ್ನೂ ಇಪ್ಪತ್ತು ನಿಮಿಷ ಕೂರಿಸಿ. ಹಕ್ಕಿಗಳೇ ಬರುತ್ತವೆ. ಹಣ್ಣಾದ ಅತ್ತಿಗೆ ಕುಟ್ರ ಹಕ್ಕಿ, ಕೋಗಿಲೆ, ಪಿಕಳಾರ, ಮೈನಾ ತಪ್ಪಲ್ಲ. ಬೂರುಗಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ ಗುಲಾಬಿ ಕಬ್ಬಕ್ಕಿಗಳ ಹಿಂಡು ಬೀಳೋ ಸಾಧ್ಯತೆ ಇದೆ. ಮಧ್ಯ ಏಷ್ಯಾದ ಕಡೆಯಿಂದ ಬರೋ ಚಳಿಗಾಲದ ಅತಿಥಿಗಳು ಅವು.

ನಿಮ್ಮ ನಾಲ್ಕು ನಡಿಗೆಯಲ್ಲಿ ಹಕ್ಕಿಗೆ ಮೀಸಲಿಡಬೇಕಾದ್ದು ಫೆಬ್ರವರಿಯದು. ಕಾರಣ ಎರಡು. ವಲಸೆ ಬಂದವು ಇನ್ನೂ ಇಲ್ಲೇ ಇರುತ್ತವೆ, ಮರಗಳಲ್ಲಿ ಎಲೆ ಕಡಿಮೆ ಇರುತ್ತೆ. ಬೂದು ಸಿಪಿಲೆ ಒದ್ದೆ ನೆಲದಲ್ಲಿ ಬಾಲ ಕುಣಿಸ್ತಾ ಓಡಾಡೋದು ಸೆಪ್ಟೆಂಬರ್‌ನಿಂದ ಮಾರ್ಚ್, ಏಪ್ರಿಲ್‌ವರೆಗೆ ಮಾತ್ರ. ಹಸಿರು ಎಲೆ ಉಲಿಯಕ್ಕಿಯೂ ಅಷ್ಟೇ. ಅದನ್ನು ಕಣ್ಣಿಂದ ಹುಡುಕಬೇಡಿ, ಎರಡು ಅಕ್ಷರದ ಚುರುಕಾದ ಕೂಗು ಕೇಳಿಸಿಕೊಂಡು ಆಮೇಲೆ ಕೊಂಬೆ ನೋಡಿ. ಕಂಚುಗಾರ ಹಕ್ಕಿಯ ಟುಕ್ ಟುಕ್ ಬಿಸಿಲೇರಿದಷ್ಟೂ ಜೋರಾಗುತ್ತೆ, ಅದನ್ನು ಒಣಗಿದ ತುದಿಕೊಂಬೆಯಲ್ಲಿ ಹುಡುಕಬೇಕು. ಫೆಬ್ರವರಿ ನಡುವೆ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಕೆ ದೇಶದಾದ್ಯಂತ ನಡೆಯುತ್ತೆ. ನಿಮ್ಮ ನಡಿಗೆ ಆ ವಾರಾಂತ್ಯಕ್ಕೆ ಬಿದ್ದರೆ ಹದಿನೈದು ನಿಮಿಷದ ಪಟ್ಟಿಯೊಂದನ್ನು ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಹಾಕಿ, ಮುಂದಿನ ವರ್ಷ ಹೋಲಿಸೋಕೆ ಆಗುತ್ತೆ.

ಹೊತ್ತು ಮುಖ್ಯ. ಬೆಂಗಳೂರಿನಲ್ಲಿ ಜನವರಿ ಕೊನೆಗೆ ಸೂರ್ಯ ಹುಟ್ಟೋದು 6:45ರ ಸುಮಾರಿಗೆ, ವರ್ಷದಲ್ಲೇ ತಡ. ಏಪ್ರಿಲ್ ನಡುವಿಗೆ 6:10, ಮೇ ಕೊನೆಗೆ 5:55ಕ್ಕೂ ಮೊದಲೇ. ಆರು ಗಂಟೆಗೆ ಬನ್ನಿ ಅಂತ ವರ್ಷವಿಡೀ ಒಂದೇ ಪೋಸ್ಟರ್ ಹಾಕಿದರೆ ಫೆಬ್ರವರಿಯಲ್ಲಿ ಕತ್ತಲಲ್ಲಿ ನಿಂತಿರ್ತೀರಿ. ಫೆಬ್ರವರಿಗೆ 7ಕ್ಕೆ, ಏಪ್ರಿಲ್‌ಗೆ 6:15ಕ್ಕೆ ಶುರು ಮಾಡಿ. ಏಪ್ರಿಲ್‌ನಲ್ಲಿ 8:15ಕ್ಕೆ ಮುಗಿಸಲೇಬೇಕು, ಆಮೇಲೆ ಯಾರೂ ಕೇಳಿಸಿಕೊಳ್ಳಲ್ಲ, ನೆರಳು ಹುಡುಕ್ತಾರೆ.

ದುರ್ಬೀನು: 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸೋದು, ಮುಂದಿನ ಗಾಜು 42 ಮಿ.ಮೀ. ಅಗಲ) ತರಿಸಿ. 10x ಇದ್ದರೆ ಚೆನ್ನ ಅಂತ ಅಂಗಡಿಯಲ್ಲಿ ಹೇಳ್ತಾರೆ, ಹೊಸಬರ ಕೈಯಲ್ಲಿ ಅದು ನಡುಗುತ್ತೆ, ಕಾಣೋ ವ್ಯಾಪ್ತಿಯೂ ಕಿರಿದು. ಐದು ಜನಕ್ಕೆ ಒಂದಿದ್ದರೆ ಸಾಕು. ಶುರುವಿನಲ್ಲೇ ಐದು ನಿಮಿಷ ಕೊಟ್ಟು, ಕಣ್ಣಿನ ನಡುವಿನ ಅಂತರ ಸರಿ ಮಾಡೋದು, ಕನ್ನಡಕ ಇದ್ದವರು ಕಣ್ಣುಬಟ್ಟಲು ಒಳಗೆ ತಿರುಗಿಸೋದು, ಹಕ್ಕಿ ಮೇಲಿಂದ ಕಣ್ಣು ತೆಗೆಯದೆ ದುರ್ಬೀನನ್ನು ಕಣ್ಣಿಗೆ ತರೋದು ಕಲಿಸಿ. ಇದನ್ನು ಬಿಟ್ಟರೆ ಕಂಡಿತಾ ಕಂಡಿತಾ ಅಂತ ಕೇಳೋದರಲ್ಲೇ ನಡಿಗೆ ಮುಗಿಯುತ್ತೆ. ಹಕ್ಕಿ ತೋರಿಸುವಾಗ ಆ ಕೊಂಬೆ, ಈ ಕೊಂಬೆ ಅನ್ನಬೇಡಿ. ಮರವನ್ನೇ ಗಡಿಯಾರ ಅಂದುಕೊಂಡು ಎರಡು ಗಂಟೆ ದಿಕ್ಕಿನಲ್ಲಿ, ಅಂಚಿನಿಂದ ಒಂದು ಗೇಣು ಒಳಗೆ ಅನ್ನಿ. ಲೇಸರ್ ಬೇಡವೇ ಬೇಡ.

ಎರಡು ಕಟ್ಟುನಿಟ್ಟು. ಫೋನಿನಿಂದ ಹಕ್ಕಿ ಕೂಗು ಹಾಕಿ ಕರೆಯಬಾರದು, ಅದರಲ್ಲೂ ಏಪ್ರಿಲ್‌ನಂಥ ಗೂಡಿನ ಕಾಲದಲ್ಲಿ. ಬೇರೆ ಗಂಡು ಬಂತು ಅಂತ ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತೆ. ಮತ್ತೆ ಹಳೇ ಗುಲ್‌ಮೊಹರ್ ಪೊಟರೆಯಲ್ಲಿ ಹಾಲಕ್ಕಿ (ಚುಕ್ಕೆಗಳಿರೋ ಚಿಕ್ಕ ಗೂಬೆ) ಕೂತಿದ್ದರೆ ದೂರದಿಂದ ಎರಡು ನಿಮಿಷ ತೋರಿಸಿ ಹೊರಡಿ. ಜಾಗದ ಫೋಟೋ ವಾಟ್ಸಾಪ್ ಗುಂಪಿಗೆ ಹೋಗಬಾರದು, ಮರುದಿನವೇ ಕ್ಯಾಮೆರಾಗಳ ಸಾಲು ನಿಲ್ಲುತ್ತೆ.

ನೀರಹಕ್ಕಿ ಬೇಕು ಅಂದರೆ ನಿಮ್ಮ ಒಣಗಿದ ಕೊಳ ಬಿಟ್ಟು ಐದನೇ ನಡಿಗೆಯನ್ನು ಲಾಲ್‌ಬಾಗ್‌ನಲ್ಲಿ ಇಟ್ಟುಕೊಳ್ಳಿ. ಕೆರೆಯಲ್ಲಿ ಹೆಜ್ಜಾರ್ಲೆ, ನೀರುಕಾಗೆ, ಜೊತೆಗೆ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ.

---

ಎಲೆಯಡಿ:

ಆ ಕತ್ತರಿಸದೆ ಬಿಟ್ಟ ಮೂಲೆಯೇ ನಿಮ್ಮ ಪಾರ್ಕಿನ ಆಸ್ತಿ. ಸಂಘದವರು ನಡಿಗೆ ನೆಪದಲ್ಲಿ ಅದನ್ನು ಸ್ವಚ್ಛ ಮಾಡಿಸದ ಹಾಗೆ ನೋಡಿಕೊಳ್ಳಿ.

ಅಕ್ಟೋಬರ್ ನಡಿಗೆಯನ್ನು ಎರಡು ಭಾಗ ಮಾಡಿ. ಮೊದಲ ಅರ್ಧ ಗಂಟೆ ಆಕಾಶಮಲ್ಲಿಗೆ ಮತ್ತು ಜೇಡ. ಇಬ್ಬನಿ ಇರೋವರೆಗೆ ಹುಲ್ಲಿನ ಮೇಲಿನ ಆಲಿಕೆಯಂಥ ಬಲೆಗಳು ಬಿಳಿಯಾಗಿ ಎದ್ದು ಕಾಣುತ್ತವೆ, ಎಂಟರ ಹೊತ್ತಿಗೆ ಬಲೆ ಇದ್ದರೂ ಕಾಣಲ್ಲ. ಪೊದೆಯ ನಡುವೆ ಅಡ್ಡಗೆರೆ ಹಾಕಿದಂಥ ದಾರದ ಗುರುತಿರೋ ಬಲೆ ಸಿಕ್ಕರೆ ಅದು ಸಹಿ ಜೇಡ. ನಡುವೆ ತಲೆ ಕೆಳಗಾಗಿ ಕೂತಿರೋ ದೊಡ್ಡದು ಹೆಣ್ಣು, ಪಕ್ಕದಲ್ಲಿ ಸೊಳ್ಳೆ ಗಾತ್ರದ್ದು ಗಂಡು ಇರಬಹುದು. ಎರಡನೇ ಭಾಗ ಚಿಟ್ಟೆ. ಅದಕ್ಕೆ ಬಿಸಿಲು ಬೇಕು, 8:30ಕ್ಕೆ ಮುಂಚೆ ಹುಡುಕಿ ಪ್ರಯೋಜನವಿಲ್ಲ. ಒಂಬತ್ತರಿಂದ ಹತ್ತೂವರೆ ಒಳ್ಳೆ ಹೊತ್ತು. ಹಕ್ಕಿಯವರು ಬೇಗ ಕರೀತಾರೆ, ಚಿಟ್ಟೆಯವರು ತಡವಾಗಿ ಕರೀತಾರೆ. ಎರಡನ್ನೂ ಒಂದೇ ನಡಿಗೆಗೆ ತುರುಕಿದರೆ ಎರಡೂ ಕೆಡುತ್ತೆ.

ಹಾರೋ ಚಿಟ್ಟೆಗಿಂತ ಗಿಡದ ಮೇಲಿನ ಮೊಟ್ಟೆ, ಮರಿಹುಳು ತೋರಿಸೋದು ನಂಬಿಕಸ್ಥ ಕೆಲಸ, ಏಕೆಂದರೆ ಹಿಂದಿನ ದಿನ ನೋಡಿಟ್ಟಿದ್ದು ಮಾರನೇ ದಿನವೂ ಅಲ್ಲೇ ಇರುತ್ತೆ. ಎಕ್ಕದ ಎಲೆಯಡಿ ಪ್ಲೇನ್ ಟೈಗರ್ ಚಿಟ್ಟೆಯ ಕಪ್ಪು ಬಿಳಿ ಹಳದಿ ಪಟ್ಟೆಯ ಮರಿಹುಳು. ಕರಿಬೇವು ಅಥವಾ ನಿಂಬೆ ಇದ್ದರೆ ಹಕ್ಕಿ ಹಿಕ್ಕೆಯಂತೆ ಕಾಣೋ ಕಾಮನ್ ಮಾರ್ಮನ್ ಮರಿ. ಬಲಿತು ಹಸಿರಾದ ಮೇಲೆ ಹುಲ್ಲುಕಡ್ಡಿಯಿಂದ ಮೆಲ್ಲಗೆ ಸೋಕಿದರೆ ತಲೆ ಹಿಂದಿನಿಂದ ಕೆಂಪು ಕವಲು ಹೊರಬಂದು ಘಾಟು ವಾಸನೆ ಬರುತ್ತೆ. ಒಂದು ಸಲ ಸಾಕು, ಹದಿನೈದು ಜನ ಹದಿನೈದು ಸಲ ಸೋಕಬಾರದು. ಕಾಂಪೌಂಡಿನ ಉದ್ದ ಅಶೋಕದ ಎಳೆಚಿಗುರಿನಲ್ಲಿ ಟೇಲ್ಡ್ ಜೇ ಚಿಟ್ಟೆಯ ಮರಿಹುಳು ಹುಡುಕಿ. ಆ ಮರದ ಬಗ್ಗೆ ಯಾರಿಗೂ ಗೌರವವಿಲ್ಲ, ಆದರೆ ನಗರದಲ್ಲಿ ಆ ಚಿಟ್ಟೆ ಉಳಿದಿರೋದಕ್ಕೆ ಅದಕ್ಕೂ ಪಾಲಿದೆ. ಹೊಂಗೆ ಕೂಡ ಕಾಮನ್ ಸೆರೂಲಿಯನ್ ಮತ್ತು ಕಾಮನ್ ಬ್ಯಾಂಡೆಡ್ ಆಲ್ ಎರಡೂ ಚಿಟ್ಟೆಗಳ ಮರಿಹುಳಕ್ಕೆ ಮೇವು.

ಇದೇ ಸುಮಾರಿಗೆ ತಲೆ ಮೇಲೆ ಗುಂಪುಗುಂಪಾಗಿ ಸುತ್ತೋ ಹಳದಿ ಏರೋಪ್ಲೇನ್ ಚಿಟ್ಟೆಗಳನ್ನು ಬಿಟ್ಟುಬಿಡಬೇಡಿ. ಈ ಜಾತಿ ಇಲ್ಲಿಂದ ಮಾಲ್ಡೀವ್ಸ್ ಮೇಲಿಂದ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾ ಮುಟ್ಟುತ್ತೆ. ಮಕ್ಕಳು ದಾರ ಕಟ್ಟಿ ಆಡಿಸೋ ಅದೇ ಹುಳ.

ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಮಳೆಗಿಂತ ಗಾಳಿ ತೊಂದರೆ. ಜೂನ್, ಜುಲೈ ಗಾಳಿಗೆ ಚಿಟ್ಟೆ ಹಾರಲ್ಲ, ಎಲೆ ಅಲುಗಾಡಿ ಹಕ್ಕಿಯೂ ಕಾಣಲ್ಲ. ನೆಲ ನೋಡಿಸಿ. ಒಂದು ಬಿಳಿ ಛತ್ರಿ ತನ್ನಿ, ಪೊದೆ ಕೆಳಗೆ ತಲೆಕೆಳಗಾಗಿ ಹಿಡಿದು ಕೊಂಬೆಯನ್ನು ಎರಡು ಸಲ ತಟ್ಟಿದರೆ ಜೀರುಂಡೆ, ಜೇಡ, ತಿಗಣೆ ಮರಿಗಳೆಲ್ಲ ಬಟ್ಟೆ ಮೇಲೆ ಬೀಳುತ್ತವೆ. ನೋಡಿ ಅದೇ ಪೊದೆಗೆ ಬಿಡಿ. ಕೊಳೆತ ಕೊಂಬೆಗಳ ಮೇಲೆ ಅಣಬೆ ಇರುತ್ತೆ, ತಿನ್ನಬಹುದಾ ಅನ್ನೋದೇ ಮೊದಲ ಪ್ರಶ್ನೆ. ಉತ್ತರ ಯಾವಾಗಲೂ ಬೇಡ ಅನ್ನೋದೇ. ದೊಡ್ಡ ಆಫ್ರಿಕನ್ ಬಸವನಹುಳುವನ್ನು ಬರಿಗೈಲಿ ಮುಟ್ಟಿಸಬೇಡಿ, ಅದರಲ್ಲಿ ಮೆದುಳಿಗೆ ತೊಂದರೆ ಕೊಡೋ ಪರೋಪಜೀವಿ ಇರಬಹುದು. ಮುಟ್ಟಿದ ಮಕ್ಕಳು ಸೋಪಿನಲ್ಲಿ ಕೈ ತೊಳೆಯಲಿ. ಕಂಬಳಿಹುಳ ತಾಗಿದರೆ ಉಜ್ಜಬಾರದು, ಅಂಟುಪಟ್ಟಿ ಒತ್ತಿ ಎತ್ತಿದರೆ ರೋಮ ಅದಕ್ಕೆ ಅಂಟಿಕೊಂಡು ಬರುತ್ತೆ, ಆಮೇಲೆ ತೊಳೆಯಿರಿ.

ಪಾಲಿಕೆಯ ಸೊಳ್ಳೆ ಹೊಗೆ ಯಾವತ್ತು ಹೊಡೀತಾರೆ ಅಂತ ಮೊದಲೇ ವಿಚಾರಿಸಿ. ಅದರ ಮರುದಿನ ಹುಳದ ನಡಿಗೆ ಇಟ್ಟರೆ ಸತ್ತವನ್ನು ತೋರಿಸಬೇಕಾಗುತ್ತೆ.

---

ಹೊಂಗೆನೆರಳು:

ತುಂಬಾ ಉಪಯೋಗವಾಯಿತು. ಮೂರು ವಿಷಯ ಬಾಕಿ. ಒಂದು, ಮಳೆಮರದ ಎತ್ತರದ ಕೊಂಬೆಯಲ್ಲಿ ಪ್ರತಿವರ್ಷ ಚಳಿಗಾಲದಲ್ಲಿ ಹೆಜ್ಜೇನು ಕಟ್ಟುತ್ತೆ, ವಾಕಿಂಗ್ ದಾರಿ ಅದರ ಕೆಳಗೇ ಇದೆ. ಎರಡು, ದಾರಿ ಅಗಲ ಒಂದೂವರೆ ಮೀಟರ್ ಅಷ್ಟೇ, ಬೆಳಗಿನ ವಾಕಿಂಗ್‌ನವರ ಜೊತೆ ಜಗಳ ಆಗಬಾರದು. ಮೂರು, ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತೆ ಅಂತ ಗುಂಪಿನಲ್ಲಿ ಯಾರಾದರೂ ಶುರು ಮಾಡಿದರೆ ಮನಸ್ಸು ನೋಯಿಸದೆ ಏನು ಹೇಳೋದು?

---

ಎರಡನೇಗೇಟು:

ನಡೆಸೋ ಕಡೆಯದ್ದನ್ನು ನಾನು ಹೇಳ್ತೀನಿ.

ಹೆಜ್ಜೇನು ಮೊದಲು. ಗೂಡಿನ ಕೆಳಗೆ ಗುಂಪು ನಿಲ್ಲಿಸಲೇಬೇಡಿ, ದಾರಿಯನ್ನೇ ಬದಲಿಸಿ. ಅದನ್ನು ತೋರಿಸಬೇಕಾದರೆ ದೂರದಿಂದ ದುರ್ಬೀನಿನಲ್ಲಿ. ಗೂಡಿನ ಮೇಲೆ ಅಲೆ ಎದ್ದಂತೆ ಹೊಳಪು ಹರಿಯೋದು ಕಾಣುತ್ತೆ, ಕಣಜ ಹತ್ತಿರ ಬಂದಾಗ ಜೇನುಗಳು ಸಾಲಾಗಿ ಹೊಟ್ಟೆ ಎತ್ತಿ ಕೊಡೋ ಎಚ್ಚರಿಕೆ ಅದು. ಹೊಗೆ, ಗಾಢ ಸೆಂಟು, ಗೂಡಿಗೆ ಎರಗೋ ಹದ್ದು, ಪಟಾಕಿ, ಕಲ್ಲು ಇವು ಕೆರಳಿಸುತ್ತವೆ. ನೋಂದಣಿ ಸಂದೇಶದಲ್ಲೇ ಸೆಂಟು ಹಾಕಿಕೊಂಡು ಬರಬೇಡಿ, ಜೇನಿನ ಅಲರ್ಜಿ ಇದ್ದವರು ತಿಳಿಸಿ ಅಂತ ಬರೆಯಿರಿ. ಎದ್ದವು ಅಂದರೆ ನಿಂತು ಕೈ ಬೀಸಬಾರದು. ಮುಖ ಮುಚ್ಚಿಕೊಂಡು ನೇರ ಓಡಿ, ಬಾಗಿಲು ಮುಚ್ಚೋ ಕೋಣೆ ಅಥವಾ ಕಾರಿನೊಳಗೆ ಸೇರಬೇಕು. ನೀರಿಗೆ ಇಳಿಯಬಾರದು, ಮೇಲೇ ಕಾಯುತ್ತವೆ. ಮುಳ್ಳನ್ನು ಹೇಗಾದರೂ ಸರಿ, ಬೇಗ ಕೆರೆದು ತೆಗೆಯಬೇಕು. ತಡವಾದಷ್ಟೂ ವಿಷ ಇಳಿಯುತ್ತೆ. ಉಸಿರಾಟ ಕಷ್ಟ, ತುಟಿ ನಾಲಿಗೆ ಊತ, ತಲೆಸುತ್ತು, ಅಥವಾ ಹತ್ತಾರು ಕುಟುಕು ಇದ್ದರೆ ಕಾಯಬೇಡಿ, 108. ಗೂಡಿಗೆ ಬೆಂಕಿ ಹಾಕಿಸೋ ಮಾತು ಎದ್ದರೆ ತಡೆಯಿರಿ, ಹೂವಿನ ಕಾಲ ಮುಗಿದ ಮೇಲೆ ಅವೇ ಬಿಟ್ಟು ಹೋಗುತ್ತವೆ.

ಒಬ್ಬ ಮಾರ್ಗದರ್ಶಿಗೆ ಹನ್ನೆರಡರಿಂದ ಹದಿನೈದು ಜನ. ಇಪ್ಪತ್ತಾದರೆ ಹಿಂದಿನವರು ತಮ್ಮದೇ ಮಾತು ಶುರು ಮಾಡ್ತಾರೆ. ಉಚಿತ ನಡಿಗೆಗೆ ಹೆಸರು ಕೊಟ್ಟವರೆಲ್ಲ ಬರಲ್ಲ, ಹದಿನೈದು ಬೇಕಾದರೆ ಇಪ್ಪತ್ತು ಹೆಸರು ತಗೊಳ್ಳಿ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳು ಇದ್ದರೆ ಅವರಿಗೆ ಮುಕ್ಕಾಲು ಗಂಟೆಯ ಬೇರೆ ಸುತ್ತು ಮಾಡಿ. ದೊಡ್ಡವರ ಜೊತೆ ಎರಡು ಗಂಟೆ ನಡೆಸಿದರೆ ಮಕ್ಕಳಿಗೂ ಶಿಕ್ಷೆ, ಉಳಿದವರಿಗೂ ಶಿಕ್ಷೆ.

ಕಿರಿದಾದ ದಾರಿಗೆ ಒಂದು ಉಪಾಯ. ಸಾಲು ಹತ್ತು ಮೀಟರ್ ಉದ್ದ ಆಗಿರುತ್ತೆ. ಮರದ ಮುಂದೆ ನಿಂತು ಮಾತು ಶುರು ಮಾಡಿದರೆ ಮುಂದಿನ ನಾಲ್ಕು ಜನಕ್ಕೆ ಮಾತ್ರ ಕೇಳುತ್ತೆ. ಮರ ದಾಟಿ ಸಾಲಿನ ಅರ್ಧದಷ್ಟು ಮುಂದೆ ಹೋಗಿ ನಿಲ್ಲಿ, ಹಿಂದಿನವರು ಮರದ ಹತ್ತಿರ ಬಂದ ಮೇಲೆ ನೀವು ವಾಪಸ್ ನಡುವಿಗೆ ಬನ್ನಿ. ಎಲ್ಲರೂ ಒಂದೇ ಬದಿಯಲ್ಲಿ ನಿಲ್ಲಲಿ, ಅರ್ಧ ದಾರಿ ವಾಕಿಂಗ್‌ನವರಿಗೆ ಬಿಡಿ. ಮಾತಾಡುವಾಗ ಸೂರ್ಯ ನಿಮ್ಮ ಮುಖಕ್ಕೆ ಇರಲಿ, ಅವರ ಕಣ್ಣಿಗೆ ಬೇಡ. ವಾಕಿಂಗ್‌ನವರು ಎಡದಿಂದ ಬಲಕ್ಕೆ ಸುತ್ತುತ್ತಿದ್ದರೆ ನೀವೂ ಅದೇ ದಿಕ್ಕು. ಮೈಕ್ ಬೇಡ. ಸಾಲಿನ ಕೊನೆಯಲ್ಲಿ ಸಂಘದ ಒಬ್ಬರು ಇರಲಿ, ಅವರು ಬಂದು ಸೇರೋವರೆಗೆ ಮಾತು ಶುರು ಮಾಡಬಾರದು.

ಮಾತಿನ ಅಭ್ಯಾಸ ಇಲ್ಲದವರು ಮಾಡೋ ಸಾಮಾನ್ಯ ತಪ್ಪು ಅಂದರೆ ಮೊದಲು ಹೆಸರು ಹೇಳಿಬಿಡೋದು. ಹೆಸರು ಸಿಕ್ಕ ಕೂಡಲೇ ಜನ ನೋಡೋದು ನಿಲ್ಲಿಸ್ತಾರೆ. ಮೊದಲು ಎಲೆ ಕೈಗೆ ಕೊಡಿ, ಏನು ಕಾಣುತ್ತೆ ಕೇಳಿ, ಕಾರಣ ಹೇಳಿ, ಕೊನೆಗೆ ಹೆಸರು.

ಮುನ್ನೋಟದ ಸುತ್ತು ಎರಡು ದಿನ ಮೊದಲು, ಅದೇ ಹೊತ್ತಿಗೆ. ಸಂಜೆ ಹೋಗಿ ನೋಡಿ ಬಂದರೆ ಬೆಳಗಿನ ನೆರಳು, ಹೂವು, ಹಕ್ಕಿ ಯಾವುದೂ ತಿಳಿಯಲ್ಲ. ಆಗ ಮರಗಳ ಮೇಲೂ ಕಣ್ಣಿರಲಿ. ಏಪ್ರಿಲ್, ಮೇ ಗುಡುಗುಮಳೆಗೆ ಗುಲ್‌ಮೊಹರ್, ಕಾಪರ್‌ಪಾಡ್, ಮಳೆಮರದ ಕೊಂಬೆ ಮುರಿದು ಅರ್ಧಕ್ಕೆ ನೇತಾಡ್ತಿರುತ್ತೆ. ಅಂಥ ಮರದ ಕೆಳಗೆ ನಿಲ್ದಾಣ ಬೇಡ.

ಅನುಮತಿ: ಬಡಾವಣೆ ಪಾರ್ಕಿಗೆ ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಒಂದು ಪುಟದ ಪತ್ರ ಕೊಡಿ. ದಿನಾಂಕ, ಹೊತ್ತು, ಎಷ್ಟು ಜನ, ಶುಲ್ಕ ಇಲ್ಲ, ಬ್ಯಾನರ್ ಮೈಕ್ ಇಲ್ಲ, ಏನನ್ನೂ ಕೀಳಲ್ಲ ಅನ್ನೋದು ಅದರಲ್ಲಿರಲಿ. ಸ್ವೀಕೃತಿ ಮುದ್ರೆ ಹಾಕಿಸಿದ ಪ್ರತಿಯನ್ನು ಕಾವಲುಗಾರನಿಗೆ ತೋರಿಸಿದರೆ ಬೆಳಿಗ್ಗೆ ಗೇಟಲ್ಲಿ ವಾದ ಇರಲ್ಲ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ರಾಜ್ಯ ತೋಟಗಾರಿಕೆ ಇಲಾಖೆಯವು, ಅಲ್ಲಿ ಬೇರೆ ಕಚೇರಿ, ಬೇರೆ ಅರ್ಜಿ. ದುಡ್ಡು ತಗೊಂಡು ನಡೆಸೋದಾದರೆ ಲೆಕ್ಕಾಚಾರವೇ ಬೇರೆ, ಅದನ್ನು ಪತ್ರದಲ್ಲಿ ಮುಚ್ಚಿಡಬೇಡಿ.

---

ಮರಗಣ್ಣು:

ಅರಳಿಯ ಪ್ರಶ್ನೆ ಬಂದೇ ಬರುತ್ತೆ. ಹೀಗೆ ಹೇಳಿ: ಆಮ್ಲಜನಕ ಬಿಡುಗಡೆ ಆಗೋದು ಬೆಳಕಿನಲ್ಲಿ ನಡೆಯೋ ದ್ಯುತಿಸಂಶ್ಲೇಷಣೆಯ ಹಂತದಲ್ಲಿ. ರಾತ್ರಿ ಅರಳಿಯೂ ನಮ್ಮ ಹಾಗೆ ಆಮ್ಲಜನಕ ತಗೊಂಡು ಉಸಿರಾಡುತ್ತೆ. ಕೆಲವು ಗಿಡಗಳು ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿಟ್ಟುಕೊಳ್ಳೋದು ನಿಜ, ಅವೂ ಆಮ್ಲಜನಕ ಬಿಡೋದು ಹಗಲಲ್ಲೇ. ಇಷ್ಟು ಹೇಳಿ, ಅರಳಿ ಎಲೆಯ ಉದ್ದ ತುದಿಯಿಂದ ಮಳೆನೀರು ಹೇಗೆ ಬೇಗ ಇಳಿದುಹೋಗುತ್ತೆ ಅಂತ ಬಾಟಲಿ ನೀರು ಸುರಿದು ತೋರಿಸಿ. ವಾದ ಅಲ್ಲಿಗೆ ನಿಲ್ಲುತ್ತೆ.

ಇನ್ನೊಂದು ಬರೋ ಪ್ರಶ್ನೆ ಇವೆಲ್ಲ ನಮ್ಮ ಮರಗಳಾ ಅನ್ನೋದು. ಹೊಂಗೆ, ಅತ್ತಿ, ಬೂರುಗ ನಮ್ಮವು. ಗುಲ್‌ಮೊಹರ್ ಮಡಗಾಸ್ಕರ್‌ನದು, ಮಳೆಮರ ಮತ್ತು ಟಬೆಬುಯಾ ಅಮೆರಿಕ ಖಂಡದ ಉಷ್ಣವಲಯದವು. ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೆ ಒಂದು ಮರ ಹೂ ಬಿಡೋ ಹಾಗೆ ಸಾಲು ನೆಡೋ ಯೋಜನೆಗೆ ಹೆಸರಾದವರು 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್. ನಿಮ್ಮ ನಾಲ್ಕು ನಡಿಗೆಯ ಹೂವಿನ ಕ್ಯಾಲೆಂಡರಿನಲ್ಲಿ ಅವರ ಕೈ ಇದೆ ಅಂತ ಹೇಳಬಹುದು. ಪರದೇಶದ್ದೆಲ್ಲ ಕೆಟ್ಟದ್ದು ಅಂತ ಭಾಷಣಕ್ಕೆ ಇಳಿಯಬೇಡಿ. ಅದೇ ಗುಲ್‌ಮೊಹರ್ ಪೊಟರೆಯಲ್ಲಿ ತಾನೆ ಹಾಲಕ್ಕಿ ಇರೋದು.

ಔಷಧಿ ಗುಣ ಹೇಳೋ ಚಪಲ ಬೇಡ. ಎಲೆ ಅಗಿದು ನೋಡಿ ಅನ್ನೋದಂತೂ ಬೇಡವೇ ಬೇಡ. ಪಾರ್ಕಿನಲ್ಲಿ ವಿಷದ ಕಣಗಲೆ ಇರುತ್ತೆ, ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಆಸ್ಪತ್ರೆಯೇ ಗತಿ.

---

ಕಡಲತಡಿ:

ಮಂಗಳೂರು ಕಡೆಯವರು ಈ ಕ್ಯಾಲೆಂಡರ್ ಹಾಗೇ ಎತ್ತಿಕೊಳ್ಳಬೇಡಿ. ನಮ್ಮಲ್ಲಿ ಜೂನ್, ಜುಲೈ ಎಂದರೆ ದಿನವಿಡೀ ಸುರಿಯೋ ಮಳೆ, ಎಲೆ ನಡಿಗೆಯನ್ನು ಸೆಪ್ಟೆಂಬರ್‌ಗೆ ತಳ್ಳಿ. ಏಪ್ರಿಲ್‌ನಲ್ಲಿ ಬಿಸಿಲಿಗಿಂತ ಸೆಕೆ ಕಷ್ಟ, ಒಂದೂವರೆ ಗಂಟೆಯೇ ಹೆಚ್ಚು. ಮಳೆ ಬಿಟ್ಟ ಮೇಲೂ ಪಾಚಿ ಕಟ್ಟಿದ ಟೈಲ್ಸ್ ಮೇಲೆ ವಯಸ್ಸಾದವರು ಜಾರ್ತಾರೆ, ಮಣ್ಣಿನ ದಾರಿ ಇರೋ ಪಾರ್ಕನ್ನೇ ಆರಿಸಿ. ಕಲಬುರಗಿ, ರಾಯಚೂರು ಕಡೆ ಬೇಸಿಗೆ ನಡಿಗೆಯನ್ನು ಮಾರ್ಚ್ ಮೊದಲ ವಾರಕ್ಕೇ ಮುಗಿಸೋದು ಒಳ್ಳೇದು. ಮುತ್ತುಗ ಅಷ್ಟು ಹೊತ್ತಿಗೆ ಅರಳಿರುತ್ತೆ.

---

ಹೊಂಗೆನೆರಳು:

ಸರಿ, ಫೆಬ್ರವರಿ, ಏಪ್ರಿಲ್, ಆಗಸ್ಟ್, ಅಕ್ಟೋಬರ್ ಅಂತ ಇಟ್ಟುಕೊಳ್ತೀವಿ. ಮಳೆ ಬಂದರೆ ರದ್ದು ಮಾಡೋದು ಯಾವಾಗ ತೀರ್ಮಾನಿಸಬೇಕು? ಅಕ್ಟೋಬರ್‌ನಲ್ಲೂ ಮಳೆ ಇರುತ್ತಲ್ಲ.

---

ಎರಡನೇಗೇಟು:

ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆ, ರಾತ್ರಿ. ಹಿಂದಿನ ರಾತ್ರಿ ಜೋರು ಮಳೆ ಬಂತು ಅಂತ ರದ್ದು ಮಾಡಬೇಡಿ, ಮಾರನೇ ಬೆಳಿಗ್ಗೆ ಬಿಸಿಲು ಬಂದರೆ ಚಿಟ್ಟೆ ಒದ್ದೆ ಮಣ್ಣಿನ ಮೇಲೆ ಬಂದು ಕೂರುತ್ತವೆ. ಆದರೆ ಕೊಂಬೆ ಮುರಿದಿದೆಯಾ, ದಾರಿಯಲ್ಲಿ ನೀರು ನಿಂತಿದೆಯಾ ಅಂತ ಬೆಳಕು ಹರಿಯುತ್ತಲೇ ಒಬ್ಬರು ಹೋಗಿ ನೋಡಬೇಕು. ತೀರ್ಮಾನ ಶುರುವಿಗೆ ಒಂದು ಗಂಟೆ ಮೊದಲು, ಗುಂಪಿಗೆ ಒಂದೇ ಸಂದೇಶ. ತುಂತುರು ಮಳೆಗೆ ನಿಲ್ಲಿಸಬೇಕಿಲ್ಲ, ಗುಡುಗು ಕೇಳಿಸಿದರೆ ಮಾತ್ರ ಎಲ್ಲಿದ್ದೀರೋ ಅಲ್ಲಿಂದ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಮರದ ಕೆಳಗೆ ಬರಬೇಡಿ. ಬದಲಿ ದಿನಾಂಕ ಮೊದಲ ಪೋಸ್ಟರಿನಲ್ಲೇ ಹಾಕಿ: ಮುಂದಿನ ಭಾನುವಾರ, ಅದೇ ಹೊತ್ತು, ಅದೇ ಗೇಟು.